ಇಂದಿನ ಧಮ್ಮ ಚಿಂತನೆ: ಹಿಡಿ ಮಣ್ಣು ಕೇಳಿದ ಚಕ್ರವರ್ತಿ





ಇಂದು ಚಿಂತನೆ ಬರೆಯುವ ಸರದಿ ನನ್ನದು. ಸ್ವಲ್ಪ ಉದ್ದವಾಗಿದೆ. ಬೆಳಿಗ್ಗೆ ಸಮಯವಿಲ್ಲದವರು ರಾತ್ರಿ ಊಟವಾದ ಮೇಲೆ ಓದಿ. ಆದರೆ ದಯವಿಟ್ಟು ಪೂರ್ತಿ ಓದಿ. ಯಾಕೆಂದರೆ ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ವಿಹಾರದ ಬುದ್ಧ ಮೂರ್ತಿಗೆ ದೇಣಿಗೆ ಸಂಗ್ರಹ ಶುರುವಾಯಿತು. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ಐದು ಸಾವಿರಕ್ಕಿಂತ ಹೆಚ್ಚು ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದೆಂದು ಮಾತಾಗಿತ್ತು. ಆಗ ಬೀದಿ ಗುಡಿಸುವ ಕೆಲಸ ಮಾಡುವ ನಮ್ಮ ಅಕ್ಕ ಒಬ್ಬರು ಬಂದು, ಸೆರಗಿನ ಗಂಟು ಬಿಚ್ಚಿ, ಹತ್ತರ ನೋಟುಗಳಲ್ಲಿ ನೂರು ರೂಪಾಯಿ ಎಣಿಸಿ ಕೊಟ್ಟರು. ನಾನು ಹೆಸರು ಕೇಳಲಿಲ್ಲ. ಪುಸ್ತಕದ ಕೊನೆಯಲ್ಲಿ 'ಇತರೆ' ಎಂಬ ಸಾಲಿನಲ್ಲಿ ನೂರು ಸೇರಿಸಿದೆ. ಅವರು ಅದನ್ನು ನೋಡಿದರು. ಏನೂ ಹೇಳದೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೊದಲೊಮ್ಮೆ ಓದಿದ್ದ ಜಪಾನಿನ ಒಬ್ಬ ಚಕ್ರವರ್ತಿಯ ಕಥೆ ನೆನಪಾಯಿತು. ಇವತ್ತು ಅವನ ಬದುಕನ್ನು ನಿಮ್ಮ ಮುಂದೆ ಇಡುತ್ತೇನೆ.

☸️ *ತಾಯಿಯ ಮುಖ ಕಾಣದ ಮಗ*

ಅವನ ಹೆಸರು ಶೋಮು. ಹುಟ್ಟಿದ್ದು ಕ್ರಿ.ಶ. 701ರಲ್ಲಿ. ಕೊರಿಯಾದ ಪೆಕ್ಚೆ ರಾಜ್ಯದಿಂದ ಬುದ್ಧ ಧಮ್ಮ ಜಪಾನಿಗೆ ಬಂದು ಆಗ ಸುಮಾರು ಒಂದೂವರೆ ಶತಮಾನವಾಗಿತ್ತು. ಧಮ್ಮ ಬಂದದ್ದು ಅರಮನೆಗೆ. ಹಳ್ಳಿಯ ಜನಕ್ಕೆ ಅದು ಇನ್ನೂ ದೂರದ್ದೇ ಆಗಿತ್ತು.

ಶೋಮುವಿಗೆ ಆರು ವರ್ಷವಾಗುವಷ್ಟರಲ್ಲಿ ತಂದೆ, ಚಕ್ರವರ್ತಿ ಮೊಮ್ಮು, ತೀರಿಕೊಂಡನು. ತಾಯಿ ಮಿಯಾಕೊ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು ಯಾರನ್ನೂ ನೋಡದೆ ಒಳಗೇ ಉಳಿದಳು. ಹೆತ್ತ ಮಗನನ್ನೂ ನೋಡಲಿಲ್ಲ. ಒಂದೇ ರಾಜಧಾನಿಯಲ್ಲಿದ್ದೂ ಆ ಮಗ ತಾಯಿಯ ಮುಖ ಕಂಡದ್ದು 737ರ ಕೊನೆಯಲ್ಲಿ, ತನ್ನ 36ನೇ ವಯಸ್ಸಿನಲ್ಲಿ. ಚೀನಾದಲ್ಲಿ ಓದಿ ಬಂದಿದ್ದ ಗೆಂಬೋ ಎಂಬ ಭಿಕ್ಖುವಿನ ಆರೈಕೆಯಿಂದ ಅವಳು ಚೇತರಿಸಿಕೊಂಡ ಮೇಲೆ ಇದಾಯಿತು.

ಶೋಮು ನಾರಾ ನಗರದಲ್ಲಿ ಪಟ್ಟಕ್ಕೆ ಬಂದದ್ದು 724ರಲ್ಲಿ. ಅವನ ಹೆಂಡತಿ ಕೋಮ್ಯೋ, ಫುಜಿವಾರಾ ಎಂಬ ಪ್ರಬಲ ಮನೆತನದವಳು. 727ರಲ್ಲಿ ಅವರಿಗೊಂದು ಗಂಡು ಮಗು ಹುಟ್ಟಿತು. ತೊಟ್ಟಿಲಿನಲ್ಲೇ ಅದನ್ನು ಯುವರಾಜ ಎಂದು ಘೋಷಿಸಿದರು. ಒಂದು ವರ್ಷ ತುಂಬುವ ಹೊತ್ತಿಗೆ ಮಗು ತೀರಿಹೋಯಿತು.

ಅದರ ಮರುವರ್ಷ, 729ರಲ್ಲಿ, ರಾಜವಂಶದ ಹಿರಿಯ ಮಂತ್ರಿ ನಗಾಯಾನ ಮೇಲೆ ಯಾರೋ ಚಾಡಿ ಹೇಳಿದರು. ಅವನು ರಾಜ್ಯದ ವಿರುದ್ಧ ಸಂಚು ಮಾಡುತ್ತಿದ್ದಾನೆ ಎಂಬುದು ದೂರು. ಸೈನ್ಯ ಅವನ ಮನೆಯನ್ನು ಸುತ್ತುವರಿಯಿತು. ನಗಾಯಾ ತನ್ನ ಜೀವ ತಾನೇ ತೆಗೆದುಕೊಳ್ಳಬೇಕಾಯಿತು. ಅವನ ಹೆಂಡತಿ, ಗಂಡು ಮಕ್ಕಳೂ ಸತ್ತರು. ಆ ದೂರು ಸುಳ್ಳೆಂದು ಸರ್ಕಾರದ ಚರಿತ್ರೆ ಪುಸ್ತಕವೇ ಮುಂದೆ ಬರೆದುಕೊಂಡಿದೆ. ಆದರೆ ಸತ್ತವರು ತಿರುಗಿ ಬರುವುದಿಲ್ಲವಲ್ಲ. ಇದು ಶೋಮುವಿನ ಆಳ್ವಿಕೆಯಲ್ಲೇ, ಅವನ ಅಪ್ಪಣೆಯಲ್ಲೇ ನಡೆದದ್ದು. ಇದನ್ನು ಮುಚ್ಚಿಟ್ಟು ಅವನನ್ನು ಧಮ್ಮರಾಜ ಎಂದು ಹೊಗಳುವುದು ಸರಿಯಲ್ಲ ಅನ್ನಿಸಿದ್ದರಿಂದ ಹೇಳುತ್ತಿದ್ದೇನೆ.

☸️ *ಸಿಡುಬು ಬಂತು*

735ರಲ್ಲಿ ಜಪಾನಿನ ದಕ್ಷಿಣದ ಕ್ಯೂಶು ದ್ವೀಪದಲ್ಲಿ ಸಿಡುಬು ಕಾಣಿಸಿಕೊಂಡಿತು. 737ರ ಹೊತ್ತಿಗೆ ದೇಶವನ್ನೆಲ್ಲ ಆವರಿಸಿತು. ಜನಸಂಖ್ಯೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜನ ಸತ್ತಿರಬೇಕೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಉಳುವವರಿಲ್ಲದೆ ಗದ್ದೆಗಳು ಬೀಳುಬಿದ್ದವು. ರೋಗ ಬಡವರ ಗುಡಿಸಲಲ್ಲೇ ನಿಲ್ಲಲಿಲ್ಲ. ದೇಶವನ್ನು ನಡೆಸುತ್ತಿದ್ದ ಫುಜಿವಾರಾ ಅಣ್ಣತಮ್ಮಂದಿರು ನಾಲ್ವರೂ ಅದೇ ವರ್ಷ ಸತ್ತರು. ಅವರು ರಾಣಿ ಕೋಮ್ಯೋಳ ಒಡಹುಟ್ಟಿದವರು.

ಬರ, ಭೂಕಂಪ, ರೋಗ, ಎಲ್ಲವೂ ಬಂದಾಗ ಶೋಮು ತಪ್ಪನ್ನು ಜನರ ಮೇಲೆ ಹಾಕಲಿಲ್ಲ. ಅವರು ಯಾವುದೋ ಜನ್ಮದಲ್ಲಿ ಪಾಪ ಮಾಡಿದ್ದರು ಎನ್ನಲಿಲ್ಲ. ಆಳುವ ತನ್ನಲ್ಲೇ ಕೊರತೆ ಇದೆ, ಹೊಣೆ ತನ್ನದು ಎಂದು ರಾಜಾಜ್ಞೆಗಳಲ್ಲಿ ಬರೆಸಿದನು. ನೋವಿನಲ್ಲಿರುವವನಿಗೆ ಅದು ನಿನ್ನ ಕರ್ಮ ಎಂದು ಹೇಳುವ ಮಾತನ್ನು ನಮ್ಮ ಹಿರಿಯರು ಎಷ್ಟು ತಲೆಮಾರು ಕೇಳಿಸಿಕೊಂಡಿದ್ದಾರೆ! ಅದಕ್ಕೇ ಒಬ್ಬ ದೊರೆ ತನ್ನ ಕಡೆಗೇ ಬೆರಳು ತೋರಿಸಿಕೊಂಡದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ರಾಣಿ ಕೋಮ್ಯೋಳನ್ನೂ ಇಲ್ಲಿ ನೆನೆಯಬೇಕು. ಸಿಡುಬು ಬರುವುದಕ್ಕೆ ಮೊದಲೇ, 730ರಲ್ಲಿ, ಅವಳ ಹೆಸರಿನಲ್ಲಿ ಬಡ ರೋಗಿಗಳಿಗೆ ಔಷಧ ಕೊಡುವ ಶಾಲೆ ಶುರುವಾಗಿತ್ತು. ದಿಕ್ಕಿಲ್ಲದವರಿಗೆ, ಅನಾಥ ಮಕ್ಕಳಿಗೆ ಆಸರೆ ಮನೆಯೂ ಇತ್ತು. ಕರುಣೆ ಎಂಬುದು ಬಾಯಿಮಾತಲ್ಲ, ಅದಕ್ಕೊಂದು ಕಟ್ಟಡ ಬೇಕು, ಮದ್ದು ಬೇಕು, ಕೆಲಸ ಮಾಡುವ ಕೈ ಬೇಕು ಎಂದು ಅರಿತವಳು ಅವಳು.

741ರಲ್ಲಿ ಶೋಮು ಒಂದು ಆಜ್ಞೆ ಹೊರಡಿಸಿದನು. ಪ್ರತಿ ಪ್ರಾಂತ್ಯದಲ್ಲೂ 20 ಭಿಕ್ಖುಗಳ ಒಂದು ವಿಹಾರ, 10 ಭಿಕ್ಖುಣಿಯರ ಒಂದು ವಿಹಾರ ಕಟ್ಟಬೇಕು ಎಂದು. ಹೆಣ್ಣುಮಕ್ಕಳ ಸಂಘಕ್ಕೂ ಸರ್ಕಾರವೇ ನೆಲೆ ಕೊಟ್ಟಿತು ಎಂಬುದನ್ನು ಗಮನಿಸಿ. ತನ್ನ ಮಗಳನ್ನು 738ರಲ್ಲೇ ಪಟ್ಟದ ಉತ್ತರಾಧಿಕಾರಿ ಎಂದು ಸಾರಿದವನು ಅವನು.

☸️ *ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣು*

743ರ ಹತ್ತನೇ ತಿಂಗಳಲ್ಲಿ ಶೋಮು ವೈರೋಚನ ಬುದ್ಧನ ಮಹಾಮೂರ್ತಿಯನ್ನು ಎರಕ ಹೊಯ್ಯಿಸುವ ಸಂಕಲ್ಪ ಮಾಡಿದನು. ಆ ಆಜ್ಞೆಯ ಸಾರ ಹೀಗಿದೆ. ದೇಶದ ಸಂಪತ್ತೂ ಅಧಿಕಾರವೂ ತನ್ನದೇ. ಅವುಗಳ ಬಲದಿಂದ ಮೂರ್ತಿ ಮಾಡಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ಮೂರ್ತಿ ನಿಲ್ಲುತ್ತದೆ, ಅದರ ಹಿಂದಿನ ಮನಸ್ಸು ನಿಲ್ಲುವುದಿಲ್ಲ. ಆದ್ದರಿಂದ ಯಾರಾದರೂ ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣು ತಂದು ಈ ಕೆಲಸಕ್ಕೆ ಕೈ ಸೇರಿಸುತ್ತೇನೆಂದರೂ ಅವರನ್ನು ಸೇರಿಸಿಕೊಳ್ಳಬೇಕು. ಈ ಮೂರ್ತಿಯ ಹೆಸರಿನಲ್ಲಿ ಯಾವ ಅಧಿಕಾರಿಯೂ ಜನರನ್ನು ಕಾಡಬಾರದು, ಬಲವಂತದ ವಸೂಲಿ ಮಾಡಬಾರದು.

ಬಂಧುಗಳೇ, ಭಾನುವಾರ ರಾತ್ರಿ ನನಗೆ ನೆನಪಾದದ್ದು ಇದೇ. ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ಹಿಡಿ ಮಣ್ಣಿಗೂ ಜಾಗ ಕೊಟ್ಟನು. ನಾನು ನೂರು ರೂಪಾಯಿಯನ್ನು 'ಇತರೆ'ಗೆ ಹಾಕಿದೆ.

ಜನರನ್ನು ಸೇರಿಸುವುದು ಹೇಗೆ? ಅರಮನೆಯವರಿಗೆ ಆ ದಾರಿ ಗೊತ್ತಿರಲಿಲ್ಲ. ಅದು ಗೊತ್ತಿದ್ದವನು ಗ್ಯೋಕಿ ಎಂಬ ಭಿಕ್ಖು. ಆ ಕಾಲದ ಕಾನೂನಿನ ಪ್ರಕಾರ ಭಿಕ್ಖುಗಳು ವಿಹಾರದೊಳಗೇ ಇರಬೇಕು, ಬೀದಿಗೆ ಬಂದು ಜನರಿಗೆ ಬೋಧಿಸಬಾರದು. ಗ್ಯೋಕಿ ಆ ಗೆರೆ ದಾಟಿದನು. ಹಳ್ಳಿಹಳ್ಳಿಗೆ ಹೋದನು. ಜನರನ್ನು ಕೂಡಿಸಿಕೊಂಡು ಕೆರೆ ತೋಡಿಸಿದನು, ಕಾಲುವೆ ತೆಗೆಸಿದನು, ಸೇತುವೆ ಕಟ್ಟಿಸಿದನು. ಕಂದಾಯದ ಸರಕನ್ನು ಹೆಗಲ ಮೇಲೆ ಹೊತ್ತು ರಾಜಧಾನಿಗೆ ನಡೆಯುತ್ತಿದ್ದ ರೈತರು ದಾರಿಯಲ್ಲೇ ಹಸಿದು ಸಾಯುತ್ತಿದ್ದರು. ಅವರಿಗಾಗಿ ತಂಗುದಾಣ ಕಟ್ಟಿಸಿದನು. 717ರಲ್ಲಿ ಸರ್ಕಾರ ಅವನ ಹೆಸರೆತ್ತಿ ಖಂಡಿಸಿ, ಜನರ ದಾರಿ ತಪ್ಪಿಸುತ್ತಿದ್ದಾನೆಂದು ದೂರಿತು. ಜನ ಮಾತ್ರ ಅವನನ್ನು ಬೋಧಿಸತ್ವ ಎಂದೇ ಕರೆದರು.

ಆ ಗ್ಯೋಕಿಯನ್ನೇ ಶೋಮು ಮಹಾಮೂರ್ತಿಯ ಕೆಲಸಕ್ಕೆ ಕರೆದನು. 745ರಲ್ಲಿ ಅವನಿಗೆ ಸಂಘದ ಅತ್ಯುನ್ನತ ಪದವಿ ಕೊಟ್ಟನು. ಒಂದು ಕಾಲಕ್ಕೆ ಅಪರಾಧಿಯಂತೆ ಕಂಡವನನ್ನು ಅದೇ ಸರ್ಕಾರ ಸಂಘದ ತಲೆಯ ಸ್ಥಾನದಲ್ಲಿ ಕೂರಿಸಿತು. ಭಿಕ್ಖು ಎಂದರೆ ತನ್ನ ಮುಕ್ತಿಯನ್ನಷ್ಟೇ ನೋಡಿಕೊಳ್ಳುವವನೋ, ಸಮಾಜದ ಸೇವಕನೋ ಎಂಬ ಪ್ರಶ್ನೆಯನ್ನು ಬಾಬಾಸಾಹೇಬರು ನಮ್ಮ ಮುಂದಿಟ್ಟಿದ್ದಾರೆ. ಗ್ಯೋಕಿಯ ಬದುಕು ಅದಕ್ಕೊಂದು ಉತ್ತರ.

ಕೆಲಸ ಸುಲಭವಾಗಲಿಲ್ಲ. ಶೋಮು ಐದು ವರ್ಷ ರಾಜಧಾನಿಯನ್ನು ಊರಿಂದೂರಿಗೆ ಬದಲಾಯಿಸುತ್ತಾ ಅಲೆದನು. ಮೂರ್ತಿಯ ಕೆಲಸ ಮೊದಲು ಶುರುವಾದದ್ದು ಶಿಗರಾಕಿ ಎಂಬಲ್ಲಿ. ಅಲ್ಲಿ ಗುಡ್ಡಗಳಿಗೆ ಬೆಂಕಿ ಬಿತ್ತು, ಭೂಮಿ ನಡುಗಿತು. 745ರಲ್ಲಿ ನಾರಾಗೆ ಮರಳಿ ಎಲ್ಲವನ್ನೂ ಹೊಸದಾಗಿ ಶುರುಮಾಡಬೇಕಾಯಿತು. 747ರಿಂದ 749ರವರೆಗೆ ಎಂಟು ಹಂತಗಳಲ್ಲಿ, ಬುಡದಿಂದ ತಲೆಯವರೆಗೆ, ಕಂಚಿನ ಎರಕ ಹೊಯ್ದರು. ಇದರ ಮುಖ್ಯ ಶಿಲ್ಪಿ ಕಿಮಿಮಾರೋ, ಕೊರಿಯಾದಿಂದ ಆಶ್ರಯ ಬೇಡಿ ಬಂದವರ ಮೊಮ್ಮಗ. ಮೂರ್ತಿಗೆ ಹಚ್ಚಲು ಚಿನ್ನವಿಲ್ಲದೆ ಪರದಾಡುತ್ತಿದ್ದಾಗ 749ರಲ್ಲಿ ಉತ್ತರದ ಮುತ್ಸು ಪ್ರಾಂತ್ಯದಲ್ಲಿ ಚಿನ್ನ ಸಿಕ್ಕಿತು. ಅದನ್ನು ಕಳಿಸಿದ ಅಧಿಕಾರಿಯೂ ಕೊರಿಯಾ ಮೂಲದವನೇ. ಗ್ಯೋಕಿ ಮಾತ್ರ ಮೂರ್ತಿ ಪೂರ್ತಿಯಾದದ್ದನ್ನು ನೋಡಲಿಲ್ಲ. ಆ ವರ್ಷದ ಆರಂಭದಲ್ಲೇ ತೀರಿಕೊಂಡನು.

ತೋದಾಯ್‌ಜಿ ವಿಹಾರದ ಹಳೆಯ ದಾಖಲೆಯ ಪ್ರಕಾರ ಮರ ಮತ್ತು ಲೋಹ ದಾನ ಕೊಟ್ಟವರು 4 ಲಕ್ಷಕ್ಕೂ ಹೆಚ್ಚು. ದುಡಿದವರ ಲೆಕ್ಕ 21 ಲಕ್ಷಕ್ಕೂ ಹೆಚ್ಚು.

☸️ *ಒಂದೇ ಅಕ್ಷರ, ಎರಡು ಅರ್ಥ*

ಈಗ ನಾನು ತುಂಬ ಹೊತ್ತು ಯೋಚಿಸಿದ ಘಟ್ಟಕ್ಕೆ ಬರುತ್ತೇನೆ.

749ರ ನಾಲ್ಕನೇ ತಿಂಗಳಲ್ಲಿ ಶೋಮು ಮೂರ್ತಿಯ ಮುಂದೆ ಬಂದನು. ಅಲ್ಲಿಯ ಪದ್ಧತಿಯಲ್ಲಿ ಚಕ್ರವರ್ತಿ ಯಾವಾಗಲೂ ದಕ್ಷಿಣಕ್ಕೆ ಮುಖ ಮಾಡಿ ಕೂರುತ್ತಾನೆ, ಪ್ರಜೆಗಳು ಉತ್ತರಕ್ಕೆ ಮುಖ ಮಾಡುತ್ತಾರೆ. ಅಂದು ಶೋಮು ಪ್ರಜೆಯ ಹಾಗೆ ಉತ್ತರಕ್ಕೆ ಮುಖ ಮಾಡಿದನು. ತಾನು ಬುದ್ಧ, ಧಮ್ಮ, ಸಂಘ ಎಂಬ ತ್ರಿರತ್ನಗಳ ದಾಸ ಎಂದು ಮಂತ್ರಿಯಿಂದ ಓದಿಸಿದನು. ಸೂರ್ಯದೇವಿಯ ವಂಶದವನೆಂದು ಜನ ನಂಬುತ್ತಿದ್ದ ಚಕ್ರವರ್ತಿ ತನ್ನನ್ನು ದಾಸ ಎಂದುಕೊಂಡನು. ಅದೇ ವರ್ಷ ಸಿಂಹಾಸನವನ್ನು ಮಗಳು ಕೊಕೆನ್‌ಗೆ ಬಿಟ್ಟುಕೊಟ್ಟು ತಲೆ ಬೋಳಿಸಿ ಭಿಕ್ಖುವಿನ ಹಾದಿ ಹಿಡಿದನು.

ಅದೇ ವರ್ಷದ ಕೊನೆಯ ತಿಂಗಳು. ಮಗಳು ಕೊಕೆನ್ ಚಕ್ರವರ್ತಿನಿಯಾಗಿ, ತಂದೆ ತಾಯಿಯ ಜೊತೆ ತೋದಾಯ್‌ಜಿಗೆ ಬಂದಳು. ಐದು ಸಾವಿರ ಭಿಕ್ಖುಗಳು ಸೇರಿದ್ದರು. ಅಂದು ವಿಹಾರಕ್ಕೆ ಅರಮನೆ ಕೊಟ್ಟ ಕಾಣಿಕೆ ಏನು ಗೊತ್ತೇ? ನಾಲ್ಕು ಸಾವಿರ ಮನೆಗಳಿಂದ ಬರುವ ಆದಾಯ, ಮತ್ತು ನೂರು ಗಂಡು ದಾಸರು, ನೂರು ಹೆಣ್ಣು ದಾಸಿಯರು.

ಶೋಮು ತನ್ನನ್ನು ಕರೆದುಕೊಂಡ ಪದವನ್ನು ಯಾವ ಅಕ್ಷರದಲ್ಲಿ ಬರೆದರೋ, ಆ ನೂರು ಗಂಡಾಳುಗಳನ್ನೂ ಅದೇ ಅಕ್ಷರದಲ್ಲಿ ಬರೆದಿದ್ದಾರೆ. ದೊರೆ ದಾಸನಾದದ್ದು ಭಕ್ತಿಯಿಂದ. ಅವನು ಬೇಕಾದಾಗ ಎದ್ದು ಹೋಗಬಹುದಿತ್ತು. ಆ ಇನ್ನೂರು ಜನರು ದಾಸರಾದದ್ದು ಹುಟ್ಟಿನಿಂದ, ಕಾನೂನಿನಿಂದ. ಅವರು ಎದ್ದು ಹೋಗುವಂತಿರಲಿಲ್ಲ.

ನಮ್ಮ ತಾತ ಊರಿನ ಜಮೀನುದಾರರ ಮನೆಯಲ್ಲಿ ಜೀತಕ್ಕಿದ್ದರು. ಅವರ ಅಪ್ಪ ಮಾಡಿದ್ದ ಸಾಲಕ್ಕೆ ಇವರು ದುಡಿದರು. ಸಾಲ ಎಷ್ಟಿತ್ತು ಎಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಆದ್ದರಿಂದ ಆ ಇನ್ನೂರು ಜನರ ಸಾಲನ್ನು ಓದಿದಾಗ ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು. ಚಿನ್ನದ ಬುದ್ಧನ ಪಾದದ ಬಳಿ ನಮ್ಮ ತಾತನಂಥವರು ಇನ್ನೂರು ಮಂದಿ ನಿಂತಿದ್ದರು.

752ರ ನಾಲ್ಕನೇ ತಿಂಗಳಲ್ಲಿ ಮೂರ್ತಿಗೆ ಕಣ್ಣು ತೆರೆಸುವ ಸಮಾರಂಭ ನಡೆಯಿತು. ಕಣ್ಣು ಬರೆದವನು ನಮ್ಮ ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಖು. ಅವನು 736ರಲ್ಲಿ ಜಪಾನ್ ಸೇರಿದ್ದನು. ಅವನು ಹಿಡಿದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ಸೇರಿದವರು ಆ ದಾರವನ್ನು ಹಿಡಿದು ತಾವೂ ಕಣ್ಣು ಬರೆದಂತೆ ಪಾಲುಗೊಂಡರು. ಆ ಕುಂಚ, ಆ ದಾರ ಇಂದಿಗೂ ನಾರಾದ ಶೋಸೋಯಿನ್ ಭಂಡಾರದಲ್ಲಿವೆ. ದಾರದ ಕಲ್ಪನೆ ಎಷ್ಟು ಚೆನ್ನಾಗಿದೆ! ಆದರೆ ಆ ದಾರ ದಾಸರ ಕೈವರೆಗೂ ಬಂದಿತ್ತೇ ಎಂದು ಕೇಳದೆ ಇರಲು ನನಗಾಗುವುದಿಲ್ಲ.

754ರಲ್ಲಿ ಚೀನಾದ ಭಿಕ್ಖು ಗಂಜಿನ್, ಐದು ಬಾರಿ ಸಮುದ್ರ ದಾಟಲಾಗದೆ, ಕಣ್ಣು ಕಳೆದುಕೊಂಡು, ಆರನೇ ಪ್ರಯತ್ನದಲ್ಲಿ ಬಂದು ನಾರಾ ತಲುಪಿದನು. ಅವನಿಂದ ಶೋಮು ಮಹಾಮೂರ್ತಿಯ ಮುಂದೆ ಶೀಲ ಸ್ವೀಕರಿಸಿದನು. 756ರಲ್ಲಿ ಶೋಮು ತೀರಿಕೊಂಡನು. ಕೋಮ್ಯೋ ಗಂಡನ ಬಳಕೆಯ ಆರುನೂರಕ್ಕೂ ಹೆಚ್ಚು ವಸ್ತುಗಳನ್ನು ಬುದ್ಧನಿಗೆ ಅರ್ಪಿಸಿದಳು. ಜೊತೆಗೆ 60 ಬಗೆಯ ಔಷಧಗಳನ್ನೂ ಕೊಟ್ಟಳು, ಕಾಯಿಲೆಯಿಂದ ನರಳುವವರಿಗೆ ಅದನ್ನು ತೆಗೆದು ಕೊಡಬೇಕೆಂದು ಬರೆಸಿಟ್ಟಳು. ಆ ಕಾಣಿಕೆಗಳಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಆ ಔಷಧಗಳು.

ಮರುವರ್ಷ, 757ರಲ್ಲಿ, ನರಮಾರೋ ಎಂಬ ಶ್ರೀಮಂತ ಮನೆತನದವನು ದಂಗೆಯ ಸಂಚಿನಲ್ಲಿ ಸಿಕ್ಕಿಬಿದ್ದನು. ವಿಚಾರಣೆಯಲ್ಲಿ ಅವನು ಕೊಟ್ಟ ಕಾರಣಗಳಲ್ಲೊಂದು, ತೋದಾಯ್‌ಜಿ ಕಟ್ಟುವಾಗ ಜನ ಕಷ್ಟಕ್ಕೆ ಬಿದ್ದರು ಎಂಬುದು. ಆ ಕೆಲಸ ನಿನ್ನ ತಂದೆ ಮಂತ್ರಿಯಾಗಿದ್ದಾಗಲೇ ನಡೆದದ್ದಲ್ಲವೇ ಎಂದು ಕೇಳಿದಾಗ ಅವನು ಸುಮ್ಮನಾದನು. ಆದರೆ ಅವನ ಮಾತು ದಾಖಲೆಯಲ್ಲಿ ಉಳಿಯಿತು. ಜನರನ್ನು ಕಾಡಬೇಡಿ ಎಂದು ಶೋಮು ಬರೆಸಿದ್ದು ನಿಜ. ಜನ ನರಳಿದ್ದೂ ನಿಜ.

☸️ *ನಮಗೇನು?*

ಬಂಧುಗಳೇ, ಶೋಮುವನ್ನು ತಳ್ಳಿಹಾಕಲು ಇದನ್ನು ಬರೆಯಲಿಲ್ಲ. ಅವನ ಮನಸ್ಸು ದೊಡ್ಡದು. ತನ್ನ ತಪ್ಪಿನ ಹೊಣೆ ಹೊತ್ತನು, ಹಿಡಿ ಮಣ್ಣನ್ನು ಗೌರವಿಸಿದನು, ಗದ್ದುಗೆ ಬಿಟ್ಟಿಳಿದನು. ಆದರೆ ಒಳ್ಳೆಯ ಮನಸ್ಸೊಂದೇ ಸಾಲದು. ಅವನ ಒಳ್ಳೆಯ ಮಾತು ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಅಧಿಕಾರಿಗಳ ಕೈಯಲ್ಲಿ, ಹಳೆಯ ಕಾನೂನಿನ ಕೈಯಲ್ಲಿ ಸವೆದುಹೋಯಿತು.

ಬಾಬಾಸಾಹೇಬರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅದಕ್ಕೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮ್ಮನ್ನು ಧಮ್ಮಕ್ಕೆ ಕರೆತರುವುದಕ್ಕೆ ಮೊದಲೇ ಸಂವಿಧಾನದ ಕೆಲಸ ಮುಗಿಸಿದ್ದರು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ಚಾಕರಿಯನ್ನೂ ನಿಷೇಧಿಸಿತು. ಇವು ಯಾವ ದೊರೆಯ ಕರುಣೆಯೂ ಅಲ್ಲ, ನಮ್ಮ ಹಕ್ಕು. 1976ರಲ್ಲಿ ಜೀತ ಪದ್ಧತಿ ರದ್ದತಿಯ ಕಾಯ್ದೆ ಬಂದ ಮೇಲೂ ಅದು ಎಲ್ಲ ಊರಿಗೂ ಮುಟ್ಟಲು ಎಷ್ಟೋ ಜನ ಓಡಾಡಬೇಕಾಯಿತು. ಧಮ್ಮಕ್ಕೆ ಮೈತ್ರಿಯೂ ಬೇಕು, ಕಾನೂನೂ ಬೇಕು, ಅದನ್ನು ಮನೆಬಾಗಿಲಿಗೆ ಮುಟ್ಟಿಸುವ ಗ್ಯೋಕಿಯಂಥವರೂ ಬೇಕು.

ನಾವು ಧಮ್ಮದ ಸೇವಕರು ಎಂದು ಹೇಳಿಕೊಳ್ಳುವುದು ಸುಲಭ. ನಾನೂ ಹೇಳಿಕೊಳ್ಳುತ್ತೇನೆ. ಹಾಗೆ ಹೇಳಿಕೊಂಡ ಕೈಯಲ್ಲೇ ಒಬ್ಬ ತಾಯಿಯ ದಾನವನ್ನು ಹೆಸರಿಲ್ಲದ ಸಾಲಿಗೆ ತಳ್ಳಿದೆ. ಕಲ್ಲಿನ ಮೇಲೆ ಯಾರ ಹೆಸರಿರುತ್ತದೆ, ಯಾರದು ಇರುವುದಿಲ್ಲ ಎಂಬಲ್ಲೇ ಮೇಲುಕೀಳು ಮತ್ತೆ ಒಳಗೆ ನುಸುಳುತ್ತದೆ. ನಾವು ಬಿಟ್ಟುಬಂದದ್ದು ಅದನ್ನೇ ಅಲ್ಲವೇ?

ನಿನ್ನೆ ಸಂಜೆ ಆ ಅಕ್ಕನ ಮನೆಗೆ ಹೋಗಿದ್ದೆ. ತಪ್ಪಾಯಿತು ಎಂದು ಹೇಳಿ ಹೆಸರು ಕೇಳಿದೆ. ಅವರು ತಮ್ಮ ಹೆಸರಿನ ಜೊತೆ ತೀರಿಹೋದ ತಮ್ಮ ತಾಯಿಯ ಹೆಸರನ್ನೂ ಬರೆಯಲು ಹೇಳಿದರು. ಎರಡನ್ನೂ ಬರೆದುಕೊಂಡೆ. ಮುಂದಿನ ಭಾನುವಾರದ ಸಭೆಯಲ್ಲಿ ಎರಡು ವಿಷಯ ಇಡುತ್ತೇನೆ. ಒಂದು, ಕಲ್ಲು ಕೆತ್ತಿಸುವುದಾದರೆ ಎಲ್ಲರ ಹೆಸರೂ ಇರಲಿ, ಮೊತ್ತ ಬೇಡ. ಜಾಗ ಸಾಲದಿದ್ದರೆ ಯಾರ ಹೆಸರೂ ಬೇಡ. ಎರಡು, ಮೂರ್ತಿಯ ಹಣದಲ್ಲಿ ಒಂದು ಪಾಲನ್ನು ನಮ್ಮ ಕೇರಿಯ ಮಕ್ಕಳ ಓದಿಗೂ ಔಷಧಕ್ಕೂ ತೆಗೆದಿಡೋಣ. ಒಪ್ಪುವವರು, ಒಪ್ಪದವರು ಇಬ್ಬರೂ ಬನ್ನಿ, ಮಾತಾಡೋಣ.

🙏 *ಇಂದಿನ ಅಭ್ಯಾಸ:* ಇಂದು ನಿಮಗಾಗಿ ಕೆಲಸ ಮಾಡಿದ ಒಬ್ಬರ ಹೆಸರು ನಿಮಗೆ ಗೊತ್ತಿಲ್ಲದಿದ್ದರೆ, ಕೇಳಿ ತಿಳಿದುಕೊಳ್ಳಿ. ನಾಳೆ ಅದೇ ಹೆಸರಿನಿಂದ ಕರೆದು ಮಾತಾಡಿಸಿ.

ಎಲ್ಲರಿಗೂ ಮಂಗಲವಾಗಲಿ.
ಸಾಧು ಸಾಧು ಸಾಧು
ನಮೋ ಬುದ್ಧಾಯ, ಜೈ ಭೀಮ್ ☸️